ಮಾತ್ರೆಯೂ ಹೊತ್ತೂ

ನಮ್ಮೊಡನೆ ಬಹುಕಾಲ ಗಣಿತವನ್ನು ಬೋಧಿಸಿದ ಮಿತ್ರರೊಬ್ಬರ ಮೂತ್ರಪಿಂಡಗಳು ಕೆಟ್ಟು, ಈಗ ವಾರಕ್ಕೆ 3 ಆವೃತ್ತಿ, ನಾಲ್ಕು ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಬಳಿ ಮಲಗಬೇಕಾಗಿರುವುದು. ಕಳೆದ ತಿಂಗಳು ಕಾಣಹೋದಾಗ ಅವರು ಮೈಯೆಲ್ಲ ತುರಿಸಿಕೊಳ್ಳುತ್ತ ನಿದ್ದೆಗೆಟ್ಟು ಕುಳಿತಿದ್ದರು. ರಕ್ತದಲ್ಲಿ ರಂಜಕವೇರಿದೆಯೆಂದು ವೈದ್ಯರು ಹೇಳಿದ್ದರಂತೆ. "ಮಾತ್ರೆ ತಪ್ಪಿಸಿದವನಲ್ಲ" ಎಂದರು ಮಿತ್ರರು. ಅವರು ಸುಳ್ಳಾಡುವವರಲ್ಲ.

ಮರುವಾರ ನಾವೂ ಆಸ್ಪತ್ರೆಗೆ ಜೊತೆಯಾದೆವು. ಔಷಧಶಾಸ್ತ್ರವನ್ನೋದಿದ ತರುಣಿಯೊಬ್ಬಳು ಬಂದು, ಮನೆಯಿಂದ ತರಿಸಿದ ಮಾತ್ರೆಗಳ ಚೀಲವನ್ನು ಹಾಸಿಗೆಯ ಮೇಲೆ ಸುರಿದು, "ಮೇಷ್ಟ್ರೇ, ನಿನ್ನೆ ಯಾವುದನ್ನು ಯಾವ ಹೊತ್ತಿಗೆ ತೆಗೆದುಕೊಂಡಿರಿ?" ಎಂದಳು. 'ತೆಗೆದುಕೊಂಡಿರಾ' ಎಂದು ಕೇಳಲಿಲ್ಲ. ಮಕ್ಕಳನ್ನು 'ಓದಿದೆಯಾ' ಎಂದು ಕೇಳಿ 'ಹೌದು' ಎಂಬುತ್ತರವನ್ನೇ ಆಯುಷ್ಯವೆಲ್ಲ ಪಡೆದ ನಮಗೆ ಈ ಭೇದವು ಚೆನ್ನಾಗಿ ತಿಳಿಯಿತು.

ಮಿತ್ರರು ಬೆಳಗ್ಗೆ ಸ್ನಾನವಾದೊಡನೆ ಬರಿಹೊಟ್ಟೆಯಲ್ಲಿ ಇಡೀ ದಿನದ ಮಾತ್ರೆಗಳನ್ನು ಒಟ್ಟಿಗೇ ನುಂಗಿಬಿಡುತ್ತಿದ್ದರು! ಸೆವೆಲಮರ್ ಎಂಬ ಮಾತ್ರೆಯಾದರೋ ರಕ್ತವನ್ನು ಸೇರತಕ್ಕದ್ದಲ್ಲ. ಕರುಳಿನಲ್ಲಿ ಆಹಾರದ ರಂಜಕವನ್ನು ಹಿಡಿದುಕೊಂಡು ಮಲದೊಡನೆ ಹೊರಬೀಳತಕ್ಕದ್ದು. ಊಟವೇ ಇಲ್ಲದಾಗ ಅದು ಹಿಡಿಯುವುದೇನನ್ನು? ಯಂತ್ರವೊಂದರಿಂದಲೇ ರಂಜಕವು ಸಾಕಷ್ಟು ಇಳಿಯದು; ಏರಿ ನಿಂತರೆ ಎಲುಬು ಸೊರಗಿ ರಕ್ತನಾಳಗಳು ಗಡುಸಾಗುವುವು. ನೀರಿನಲ್ಲಿ ಕರಗುವ ಜೀವಸತ್ತ್ವಗಳು ಯಂತ್ರದಲ್ಲಿ ತೊಳೆದುಹೋಗುವುದರಿಂದ ಆ ದಿನ ಅವನ್ನು ಅನಂತರ ನುಂಗಬೇಕು. ಕೆಲವರಿಗೆ ಯಂತ್ರದ ಬಳಿ ರಕ್ತದೊತ್ತಡವು ಕುಸಿಯುವುದುಂಟು. ಒತ್ತಡದ ಮಾತ್ರೆಯನ್ನು ಅಂದು ಬೆಳಗ್ಗೆ ನುಂಗಬೇಕೆ ಎಂಬುದನ್ನು ವೈದ್ಯರಲ್ಲಿಯೇ ಕೇಳತಕ್ಕದ್ದು. ಮಂಡಿನೋವಿಗೆಂದು ಮಿತ್ರರು ತಾವಾಗಿ ಅಂಗಡಿಯಿಂದ ತಂದಿದ್ದ ಮಾತ್ರೆಯನ್ನು ಅವಳು ವೈದ್ಯರಿಗೆ ತೋರಿಸಲು ಬೇರೆಯಾಗಿ ತೆಗೆದಿಟ್ಟಳು.

ಕಡೆಗೆ ಮೆಲ್ಲಗೆ ಬೆಲೆಯ ಮಾತೆತ್ತಿದಳು. ಮಿತ್ರರು ತಲೆತಗ್ಗಿಸಿದರು. ತಿಂಗಳ ಕೊನೆಯ ವಾರ ಎರಡರೆಡೆಗೆ ಒಂದು, ಮಗನಿಗೆ ಭಾರವಾಗಬಾರದಲ್ಲ! ಒಂದು ಸೊನ್ನೆಯಲ್ಲವೆಂಬುದು ಗಣಿತದವರ ಸಮಾಧಾನ. ನಮ್ಮೊಡನೆಯೂ ಆಡದ ಮಾತದು. ಅವಳು ಗದರಲಿಲ್ಲ, ಅಗ್ಗವಾದ ಕ್ಯಾಲ್ಸಿಯಂ ಅಸಿಟೇಟ್ ಆದೀತೆಂದು ವೈದ್ಯರನ್ನು ಕೇಳಲು ಬರೆದುಕೊಂಡಳು.

ರೋಗಿಗೆ ತಿಳಿಯಹೇಳುವುದನ್ನು 2015ರ ನಿಯಮಾವಳಿಯು ನಮ್ಮ ದೇಶದ ಔಷಧಜ್ಞರ ಕರ್ತವ್ಯವೆಂದೇ ವಿಧಿಸಿದೆ. ನಾವೋ ಚಿಲ್ಲರೆಯನ್ನೆಣಿಸಿಕೊಂಡು ಅಂಗಡಿಯ ಮೆಟ್ಟಿಲಿಳಿಯುವವರು.

ತುರಿಕೆ ಪೂರ್ತಿ ಹೋಗಿಲ್ಲ. ರಾತ್ರಿ ಕೆಲಹೊತ್ತು ನಿದ್ದೆ ಬರುವುದಂತೆ. ಮಿತ್ರರ ಸೊಸೆ ಈಗ ಎಲೆಯ ತುದಿಯಲ್ಲಿ ಉಪ್ಪಿನೆಡೆಗೆ ಮಾತ್ರೆಯನ್ನು ಬಡಿಸುತ್ತಾಳೆ; ಉಪ್ಪು ಹೇಗೂ ಅವರಿಗೆ ಮಿತ. ಕಳೆದ ಭಾನುವಾರ ಮಾತ್ರೆ ಬರುವವರೆಗೆ ಅವರು ಅನ್ನವನ್ನು ಕಲಸಲಿಲ್ಲ. ಪಕ್ಕದಲ್ಲಿ ನಾವೂ ಕಾದು ಕುಳಿತೆವು.