ಪ್ರವಾಸದ ಒಲೆಗೆ ಯಾವ ಎಣ್ಣೆ?

ಮಳೆಗಾಲವು ಕಳೆದು ಬಾನು ತಿಳಿಯಾಯಿತೆಂದರೆ ನಮ್ಮ ಕೋಟದ ಆಚೀಚೆಯ ಮನೆಗಳಲ್ಲಿ ಮಕ್ಕಳು ಕೊಡಚಾದ್ರಿಯ ಮಾತನ್ನೆತ್ತುವುದು ವಾಡಿಕೆಯಾಗಿರುವುದು. ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ಬಂದು, "ಮಕ್ಕಳೊಡನೆ ಗುಡಾರದಲ್ಲಿ ತಂಗಬೇಕೆಂದು ಸಣ್ಣ ಸ್ಟವ್ ಕೊಂಡಿದ್ದೇನೆ, ಅದಕ್ಕೆ ಯಾವ ಎಣ್ಣೆಯನ್ನು ಒಯ್ಯಲಿ?" ಎಂದು ಕೇಳಿದನು. ಪ್ರಶ್ನೆಯೇನೋ ಸಣ್ಣದು. ಆದರೆ ಕೇಳಿದವನ ಬಲಗೈಯಲ್ಲಿ ಸುಟ್ಟ ಕಲೆಯೊಂದಿದೆ. ಅದು ನನ್ನ ಅವಿವೇಕದಿಂದಾದುದು. ಆದಕಾರಣ ಉತ್ತರವನ್ನು ಅಲ್ಲಿಂದಲೇ ಆರಂಭಿಸಬೇಕಾಗಿದೆ.

1994ರಲ್ಲಿ ನಾನು ಹುಡುಗರನ್ನು ಕರೆದುಕೊಂಡು ಆ ಬೆಟ್ಟಕ್ಕೆ ಹೊರಟಿದ್ದೆನು. ಬುಡದಲ್ಲಿ ಗಂಜಿ ಬೇಯಿಸಲು ಪಂಪು ಹಾಕುವ ಸೀಮೆಎಣ್ಣೆಯ ಸ್ಟವ್ ಇತ್ತು. ಅದನ್ನು ಹೊತ್ತಿಸುವ ಮೊದಲು ಬಟ್ಟಲಿನಲ್ಲಿ ತುಸು ಸ್ಪಿರಿಟ್ ಉರಿಸಿ ಕೊಳವೆಯನ್ನು ಕಾಯಿಸಬೇಕಷ್ಟೆ. ನಡು ಮಧ್ಯಾಹ್ನದ ಬಿಸಿಲು, ಜ್ವಾಲೆಯು ಕಾಣಿಸಲಿಲ್ಲ. ಆರಿತೆಂದು ಬಗೆದು, ಬಾಟಲಿ ಹಿಡಿದಿದ್ದ ಬಾಲಕನಿಗೆ ಇನ್ನಷ್ಟು ಹೊಯ್ಯೆಂದೆನು. ಅದು ಆರಿರಲಿಲ್ಲ. ಉರಿಯು ಧಾರೆಯನ್ನೇ ಹಿಡಿದು ಬಾಟಲಿಗೇರಿ ಅವನ ಮುಂಗೈಯನ್ನು ಸುಟ್ಟಿತು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ. ಇದಕ್ಕೆ ಕಾದ ಕಬ್ಬಿಣದ ಗುಂಡೇ ದೃಷ್ಟಾಂತವೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಅದನ್ನು ಗುರುಗಳಿಂದ ಕಲಿತು, ಹುಡುಗರಿಗೂ ಹೇಳುತ್ತಿದ್ದ ನಾನು, ಬೇಕಾದ ಗಳಿಗೆಯಲ್ಲಿ ಮರೆತೆನು.

ಮುಖ್ಯವಾಗಿ ತಿಳಿಯತಕ್ಕದ್ದೇನೆಂದರೆ, ಉರಿಯುವುದು ದ್ರವವಲ್ಲ, ಅದರ ಆವಿ. ನಮ್ಮ ಕಡೆಯ ಯಕ್ಷಗಾನದ ಆಟಗಳಿಗೆ ಹಿಂದೆ ಬೆಳಕು ಕೊಡುತ್ತಿದ್ದ ಗ್ಯಾಸ್‌ಲೈಟಿನೊಳಗೆ ಇದ್ದುದು ಸೀಮೆಎಣ್ಣೆಯೇ. ಕಾದ ಕೊಳವೆಯಲ್ಲಿ ಅದು ಆವಿಯಾಗಿ ಉರಿಯುತ್ತಿತ್ತು. ಸ್ವೀಡನ್ ದೇಶದ ಲಿಂಡ್‌ಕ್ವಿಸ್ಟ್ ಎಂಬವನು 1892ರ ಸುಮಾರಿಗೆ ರೂಪಿಸಿದ ಪ್ರೈಮಸ್ ಸ್ಟವ್ವಿನ ಕ್ರಮವೂ ಇದೇ. ಆದುದರಿಂದ ಎಣ್ಣೆಯ ಗುಣವನ್ನು ಆವಿಯಿಂದ ಅಳೆಯಬೇಕು. ನಮ್ಮ ದೇಶದ ಮಾನಕದಂತೆ ಸೀಮೆಎಣ್ಣೆಯು 35 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಕೂಡದು. ಸ್ಪಿರಿಟ್ ಸುಮಾರು 15 ಡಿಗ್ರಿಯಲ್ಲಿಯೇ ಬಿಡುವುದು. ಪೆಟ್ರೋಲಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಬಿಡುವುದು. ಅದರ ಆವಿಯು ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದ್ದರಿಂದ, ನೆಲದಲ್ಲಿ ತೆವಳಿ ದೂರದ ದೀಪವನ್ನೂ ತಲಪಬಲ್ಲುದು.

ಇನ್ನು ಆಯ್ಕೆಯ ವಿಚಾರ. ಯಾವ ಎಣ್ಣೆಗೆ ಸ್ಟವ್ವನ್ನು ಮಾಡಿದ್ದಾರೋ ಅದನ್ನೇ ಹಾಕತಕ್ಕದ್ದು. ಸೀಮೆಎಣ್ಣೆಯ ಸ್ಟವ್ವಿಗೆ ಪೆಟ್ರೋಲನ್ನಾಗಲಿ, ಬಣ್ಣ ತೆಳುಮಾಡುವ ಥಿನ್ನರನ್ನಾಗಲಿ ಹಾಕಿದರೆ ಟ್ಯಾಂಕಿಯೇ ಸಿಡಿಯಬಹುದು. ಮನೆಮನೆಗೆ ಅನಿಲದ ಸಿಲಿಂಡರು ಬಂದಮೇಲೆ ಸೀಮೆಎಣ್ಣೆಯು ದುರ್ಲಭವಾಗಿದೆ. ಸಿಕ್ಕಿದ್ದನ್ನು ಕೊಳ್ಳುವ ಆತುರದಲ್ಲಿ ಬೆರಕೆಯ ಎಣ್ಣೆ ಕೈಸೇರುವ ಭಯವುಂಟು. ಸ್ವಲ್ಪ ಪೆಟ್ರೋಲು ಬೆರೆತ ಸೀಮೆಎಣ್ಣೆಯನ್ನು ಪೆಟ್ರೋಲೆಂದೇ ಎಣಿಸಬೇಕು. ಪೆಟ್ರೋಲಿನ ವಾಸನೆ ಬಂದರೆ ಅದನ್ನು ಬಿಟ್ಟುಬಿಡಿ. ಸ್ಪಿರಿಟ್ಟಿನ ಒಲೆ ಸರಳವಾದುದು, ಮಸಿ ಹಿಡಿಯದು. ಆದರೆ ಅಷ್ಟೇ ಶಾಖಕ್ಕೆ ತೂಕದಲ್ಲಿ ಸೀಮೆಎಣ್ಣೆಯ ಒಂದೂವರೆ ಪಾಲಿಗೂ ಮಿಕ್ಕಿ ಬೇಕು. ಮೆಥನಾಲ್ ಎಂಬ ಜಾತಿಯು ವಿಷ. ಅದು ಕಣ್ಣನ್ನೂ ಪ್ರಾಣವನ್ನೂ ತೆಗೆಯುವುದು. ಕೈತೊಳೆಯುವ ಸ್ಯಾನಿಟೈಸರನ್ನು ಒಲೆಗೆ ಸುರಿಯುವ ಸಾಹಸವಂತೂ ಬೇಡ.

ಬಳಸುವ ಕ್ರಮವು ಹೀಗಿರಲಿ. ಒಲೆಯನ್ನು ಆರಿಸಿ, ತಣಿದ ಮೇಲೆಯೇ, ಬಯಲಿನಲ್ಲಿ ಎಣ್ಣೆ ತುಂಬಿಸಿರಿ. ಆರಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನಿರ್ಣಯಿಸಬೇಡಿ. ದೂರದಿಂದ ಅಂಗೈ ಒಡ್ಡಿ ಶಾಖವನ್ನು ನೋಡಿ, ಮೇಲೆ ಕಾಲುಗಂಟೆ ಕಾಯಿರಿ. ಟ್ಯಾಂಕಿಯಲ್ಲಿ ಕಾಲುಭಾಗ ಗಾಳಿಗೆ ಬಿಡಿ. ಗುಡಾರದೊಳಗಾಗಲಿ ಮುಚ್ಚಿದ ವಾಹನದೊಳಗಾಗಲಿ ಒಲೆ ಹೊತ್ತಿಸಬೇಡಿ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲಿಯೇ ಕೊಲ್ಲುವುದು. ಎಣ್ಣೆಯ ಉರಿಗೆ ನೀರು ಚೆಲ್ಲಕೂಡದು. ಮರಳು ಅಥವಾ ಒದ್ದೆ ಗೋಣಿಯಿಂದ ಮುಚ್ಚಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಎಣ್ಣೆಯನ್ನು ಇಡಲೇಬೇಡಿ. ಮಗುವು ಕುಡಿದುಬಿಟ್ಟರೆ ವಾಂತಿ ಮಾಡಿಸದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ವಾಂತಿಯಾಗುವಾಗ ಎಣ್ಣೆಯು ಶ್ವಾಸಕೋಶಕ್ಕೆ ಇಳಿಯುವುದು. ಸುಟ್ಟ ಗಾಯಕ್ಕೆ ತುಪ್ಪ ಬೇಡ, ಇಪ್ಪತ್ತು ನಿಮಿಷ ತಣ್ಣೀರ ಧಾರೆ ಬೇಕು. ಅಂದು ನಾನು ಇದನ್ನೂ ಅರಿಯದೆ ತುಪ್ಪವನ್ನೇ ಸವರಿದ್ದೆನು.

ಬಾರ್ಕೂರು, ಕುಂದಾಪುರಗಳಲ್ಲಿ ರೈಲು ಹತ್ತುವವರು ಎಣ್ಣೆಯನ್ನಾಗಲಿ ಅನಿಲವನ್ನಾಗಲಿ ಸಂಗಡ ಒಯ್ಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ. 2023ರ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ, ಅಡುಗೆಗೆಂದು ಗುಟ್ಟಾಗಿ ತಂದಿದ್ದ ಅನಿಲದ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ತೀರಿಹೋದರು. ಕೊಡಚಾದ್ರಿಯಾದರೋ ವನ್ಯಧಾಮದ ಬೆಟ್ಟ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಕಡ್ಡಿಯನ್ನೂ ಗೀರಬಾರದು.

ಶಿಷ್ಯನು ಎಲ್ಲವನ್ನೂ ಕೇಳಿ, "ಹಾಗಾದರೆ ಅವಲಕ್ಕಿ ಒಯ್ಯುವುದೇ ವಾಸಿಯಲ್ಲವೆ?" ಎಂದನು. ಅಪ್ಪಣೆ ದೊರೆಯದ ಪಕ್ಷದಲ್ಲಿ ಅದೇ ವಾಸಿ. ದೊರೆತರೆ ಶುದ್ಧ ಸೀಮೆಎಣ್ಣೆಯನ್ನು ಗಟ್ಟಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಒಯ್ಯಲಿ. ಸ್ಪಿರಿಟ್ಟಿನ ಬಾಟಲಿಯನ್ನು ಮಾತ್ರ ಯಾವ ಮಗುವಿನ ಕೈಗೂ ಕೊಡದಿರಲಿ.