ಕಲಬುರಗಿಯ ವಿಮಾನನಿಲ್ದಾಣ

೧೯೫೬ನೆಯ ನವೆಂಬರ ೧ರಂದು ಕನ್ನಡ ನಾಡು ಒಂದಾಯಿತು. ಹೈದರಾಬಾದು ಸಂಸ್ಥಾನದಲ್ಲಿ ಸಿಕ್ಕಿದ್ದ ಕಲಬುರಗಿಯು ತಾಯ್ನಾಡಿನ ಮಡಿಲಿಗೆ ಬಂದಿತು. ಆದರೆ ನಕಾಶೆಯ ಗೆರೆ ಅಳಿಸಿದ ಮಾತ್ರಕ್ಕೆ ದಾರಿಯು ಹತ್ತಿರವಾಗದು. ಅಲ್ಲಿಂದ ಬೆಂಗಳೂರಿಗೆ ಹೊರಟವನು ಇಂದಿಗೂ ರೈಲಿನಲ್ಲಿ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ಕಳೆಯಬೇಕು. ಆ ಮುಖ್ಯ ದಾರಿಯೂ ಗುಂತಕಲ್ಲು, ಅನಂತಪುರಗಳ ಮೇಲಿಂದ ಹೋಗುತ್ತದೆ. ಕನ್ನಡಿಗನು ತನ್ನ ರಾಜಧಾನಿಯನ್ನು ಕಾಣಲು ನೆರೆನಾಡನ್ನು ಹಾಯಬೇಕಾಗಿದೆ!

ಆದುದರಿಂದ ಶ್ರೀನಿವಾಸ ಸರಡಗಿಯ ಬಳಿ ೨೦೧೯ನೆಯ ನವೆಂಬರ ೨೨ರಂದು ವಿಮಾನನಿಲ್ದಾಣವು ತೆರೆದಾಗ ಆ ಭಾಗದ ಜನರು ಹಿಗ್ಗಿದುದು ಸಹಜವೇ. ೨೦೦೮ರಲ್ಲಿ ಅಡಿಗಲ್ಲು ಬಿದ್ದ ಕೆಲಸವು ಮುಗಿಯಲು ಹನ್ನೊಂದು ವರ್ಷಗಳು ಹಿಡಿದಿದ್ದವು.

ಬಡವನಿಗೆ ವಿಮಾನವೇತಕ್ಕೆಂದು ಕೆಲವರು ಕೇಳುವರು. ಈ ಆಕ್ಷೇಪವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ನಿಲ್ದಾಣದ ಉಪಯೋಗವನ್ನು ಹತ್ತಿ ಇಳಿಯುವವರ ಎಣಿಕೆಯಿಂದಲೇ ಅಳೆಯಲಾಗದು. ರೋಗಿಯ ಪ್ರಯಾಣವು ಒಂದು ಗಂಟೆಯ ಮೇಲೆ ಸ್ವಲ್ಪಕ್ಕೇ ಮುಗಿದರೆ, ನುರಿತ ವೈದ್ಯನೂ ಅಧ್ಯಾಪಕನೂ ಬೆಳಗ್ಗೆ ಬಂದು ಸಂಜೆಗೆ ಮರಳುವಂತಾದರೆ, ತೊಗರಿಯ ಕಣಜವೆನಿಸಿದ ಆ ಸೀಮೆಗೆ ಹೊಸ ಉದ್ಯಮಗಳು ಬಂದರೆ, ಅದರ ಫಲವು ವಿಮಾನವನ್ನು ಹತ್ತದವನಿಗೂ ಮುಟ್ಟುವುದು.

ನಮ್ಮ ಚಿಂತೆ ಬೇರೆ. ಕೇಂದ್ರ ಸರಕಾರವು ೨೦೧೬ರಲ್ಲಿ ಉಡಾನ್ ಯೋಜನೆಯನ್ನು ಹೊರಡಿಸಿದಾಗ, ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳ ದರವನ್ನು ೨,೫೦೦ ರೂಪಾಯಿಗಳಿಗೆ ಮಿತಿಗೊಳಿಸಿತು. ಕಂಪನಿಗಳ ಕೊರತೆಯನ್ನು ತುಂಬಿಕೊಡಲು ಒಪ್ಪಿತು. ಆದರೆ ಒಂದೊಂದು ದಾರಿಗೆ ಈ ನೆರವು ಮೂರೇ ವರ್ಷ. ಅಷ್ಟರಲ್ಲಿ ಪ್ರಯಾಣಿಕರ ರೂಢಿಯು ಬಲಿಯದಿದ್ದರೆ ಕಂಪನಿಯು ಲಾಭವಿದ್ದೆಡೆಗೆ ಹೋಗುವುದು. ಊರಿಗೆ ಉಳಿಯುವುದು ಬರಿಯ ರನ್‌ವೇ.

ಹಳ್ಳಿಯ ರಸ್ತೆಯನ್ನು ಯಾರೂ ಲಾಭ ನೋಡಿ ಹಾಕುವುದಿಲ್ಲ. ಅದು ಸರಕಾರದ ಧರ್ಮ. ದೂರದ ಜಿಲ್ಲೆಯ ವಿಮಾನದಾರಿಯೂ ಅಂಥದೇ. ಈ ಭಾಗವು ಹಿಂದುಳಿದಿದೆಯೆಂದು ಒಪ್ಪಿಯೇ ಸಂಸತ್ತು ೨೦೧೨ರಲ್ಲಿ ೩೭೧(ಜೆ) ವಿಧಿಯನ್ನು ಅಂಗೀಕರಿಸಿತು. ಆದುದರಿಂದ ಕಲಬುರಗಿ-ಬೆಂಗಳೂರುಗಳ ನಡುವೆ ದಿನಕ್ಕೊಂದಾದರೂ ವಿಮಾನವು ತಪ್ಪದೆ ಹಾರುವಂತೆ ರಾಜ್ಯ ಸರಕಾರವು ತನ್ನ ಬೊಕ್ಕಸದಿಂದಲೇ ಕೊರತೆಯನ್ನು ಹೊರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಊರಿನ ಮಹನೀಯರೂ ಸುಮ್ಮನಿರಲಾಗದು. ವಿಮಾನದ ವೇಳೆಗೆ ಹೊಂದಿದ ಬಸ್ಸಿಗಾಗಿ, ಅಲ್ಲಿಯ ಫಲಕ ಪ್ರಕಟಣೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನಕ್ಕಾಗಿ, ಊರ ಹುಡುಗರಿಗೆ ಅಲ್ಲಿಯೇ ಉದ್ಯೋಗಕ್ಕಾಗಿ ಅವರು ಬಿಡದೆ ಕೇಳಬೇಕು. ಏಕೀಕರಣಕ್ಕಾಗಿ ದುಡಿದ ಹಿರಿಯರು ನಾಡನ್ನು ಕೂಡಿಸಿಕೊಟ್ಟರು. ದಾರಿಗಳನ್ನು ಕೂಡಿಸುವ ಕೆಲಸವು ನಮ್ಮ ಪಾಲಿನದು.