ಹಿಂದಿನ ಸಾಲಿನ ವಾದ್ಯಗಾರ

ನಮ್ಮ ಶಿವಮೊಗ್ಗೆಯ ಗಾಂಧಿಬಜಾರಿನಲ್ಲಿ ಮದುವೆಯ ಮೆರವಣಿಗೆ ಸಾಗುವಾಗ ಬ್ಯಾಂಡಿನವರ ತುತ್ತೂರಿಯನ್ನು ನಾವೆಲ್ಲರೂ ಕೇಳಿದ್ದೇವೆ. ಮದುಮಕ್ಕಳ ಮುಖ ನೆನಪಿನಲ್ಲಿರುವುದು. ತುತ್ತೂರಿ ಊದಿದವನ ಹೆಸರನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಚಲನಚಿತ್ರದ ಸಂಗೀತದಲ್ಲಿಯೂ ಇದೇ ಪದ್ಧತಿ. ಗಾಯಕರಿಗೂ ನಿರ್ದೇಶಕರಿಗೂ ಕೀರ್ತಿ ಸಲ್ಲುವುದು. ವಾದ್ಯಗಾರನು ಹಿಂದಿನ ಸಾಲಿನಲ್ಲಿಯೇ ಉಳಿಯುವನು. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಕದ್ರಿ ಗೋಪಾಲನಾಥರ ಜೀವನವನ್ನು ನೋಡಿರಿ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವರಾದ ಇವರು ನಾಗಸ್ವರ ವಾದಕರಾದ ತಂದೆಯಿಂದ ಮೊದಲ ಪಾಠ ಕಲಿತರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದಂದಿನಿಂದ ಅವರ ಮನಸ್ಸು ಅದರಲ್ಲಿ ನೆಟ್ಟಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಸೈನ್ಯದ ಬ್ಯಾಂಡಿಗೂ ಜಾಜ್ ಸಂಗೀತಕ್ಕೂ ಒಗ್ಗಿದುದು. ಅದರ ಕೀಲಿಗಳು ನಿಶ್ಚಿತ ಸ್ವರಗಳನ್ನು ಹೊರಡಿಸುವುವು. ನಮ್ಮ ಗಮಕಕ್ಕಾದರೋ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ಪ್ರಾಣ. ಗೋಪಾಲನಾಥರು ವರ್ಷಗಟ್ಟಲೆ ಸಾಧನೆ ಮಾಡಿ, ತುಟಿ, ಉಸಿರು, ಬೆರಳುಗಳಿಂದ ಆ ದಾರಿಯನ್ನು ಕಂಡುಕೊಂಡರು.

1994ರಲ್ಲಿ ಎ. ಆರ್. ರಹಮಾನರು ಸಂಗೀತ ನೀಡಿದ ‘ಡ್ಯುಯೆಟ್’ ಎಂಬ ತಮಿಳು ಚಿತ್ರ ಬಂದಿತು. ತೆರೆಯ ಮೇಲೆ ವಾದ್ಯ ಹಿಡಿದು ಕಂಡವರು ನಟ ಪ್ರಭು. ಕಿವಿಗೆ ಬಿದ್ದುದು ಗೋಪಾಲನಾಥರ ಉಸಿರು. ಪರರ ಮೇಳದಲ್ಲಿ ನುಡಿಸುವುದು ವಿದ್ವಾಂಸನಿಗೆ ತಕ್ಕುದಲ್ಲವೆಂದು ಕೆಲವರು ಹೇಳಬಹುದು. ನಾವು ಒಪ್ಪಲಾರೆವು. ಕಚೇರಿಯ ಮೆಟ್ಟಿಲು ಹತ್ತದ ಮನೆಗಳಿಗೂ ಆ ನಾದ ತಲುಪಿದುದು ಚಿತ್ರದ ಮೂಲಕವೇ. ಅದೇ ವರ್ಷ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ಅವರು ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಸ್ವಂತ ವಿದ್ಯೆ ಗಟ್ಟಿಯಾಗಿದ್ದವನು ಯಾರ ಮೇಳದಲ್ಲಿಯೂ ಕರಗಿಹೋಗುವುದಿಲ್ಲ. 2004ರಲ್ಲಿ ಪದ್ಮಶ್ರೀ ಪಡೆದ ಅವರು 2019ರಲ್ಲಿ ನಿಧನರಾದರು.

ಇನ್ನು ತಂದೆತಾಯಿಗಳಲ್ಲಿ ಒಂದು ಮಾತು. ಹೆಣ್ಣುಮಕ್ಕಳಿಗೆ ಹಾಡುಗಾರಿಕೆ ಸಾಕು, ವೀಣೆ ಸಾಕು. ಊದುವ ವಾದ್ಯ ಸಲ್ಲದೆಂಬ ಭಾವನೆ ಇನ್ನೂ ಹಲವು ಮನೆಗಳಲ್ಲಿದೆ. ಕೆನ್ನೆ ಉಬ್ಬಿದರೆ ಅಂದ ಕೆಡುವುದೆಂದು ನಗುವವರೂ ಉಂಟು. ಸೋದರಿಯರಾದ ಎಂ. ಎಸ್. ಲಾವಣ್ಯ, ಎಂ. ಎಸ್. ಸುಬ್ಬಲಕ್ಷ್ಮಿ ಇವರು ಸ್ಯಾಕ್ಸೊಫೋನಿನಲ್ಲಿಯೇ ಕಚೇರಿ ನಡೆಸಿ ಈ ಮಾತಿಗೆ ಉತ್ತರ ಕೊಟ್ಟಿದ್ದಾರೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ತುತ್ತೂರಿ ಬೇಕೆಂದು ಕೇಳಿದರೆ ದಯವಿಟ್ಟು ನಗಬೇಡಿರಿ.

ಪೂರ್ವವಿದ್ಯಾರ್ಥಿನಿಯರೇ, ಮುಂದಿನ ಮದುವೆಯಲ್ಲಿ ಬ್ಯಾಂಡಿನವನ ಹೆಸರನ್ನೊಮ್ಮೆ ಕೇಳಿರಿ. ಗೌರವವು ಅಲ್ಲಿಂದಲೇ ಮೊದಲಾಗಲಿ.